‘ರ’ ಅಕ್ಷರಕ್ಕೆ ಎಷ್ಟು ನೋಡ್ (node) ಬೇಕು?

ದಾವಣಗೆರೇಲಿ ಬೋರ್ಡು, ರೇಡಿಯಂ ಕಟಿಂಗ್ ಮಾಡೋ ಹುಡುಗ್ರು ನನ್ನ ಜಾಸ್ತಿ ಕೇಳೋದು ಇದೇ, ಅಣ್ಣ ಕಸ್ಟಮರ್ ಹಳೇ ಅಂಗಡಿ ಬೋರ್ಡಿನ ಫೋಟೋ ಕಳ್ಸಿದಾರೆ, ಪೇಂಟರ್ ಕೈಲಿ ಬರೆದ ಅಕ್ಷರ, ಅದೇ ಬೇಕಂತೆ, ಟ್ರೇಸ್ ಹೊಡೆದ್ರೆ ಅಂಚೆಲ್ಲ ಸೊಟ್ಟ ಸೊಟ್ಟ ಬರ್ತೈತೆ ಅಂತ. ಫೋಟೋ ನೋಡಿ ಸಾಫ್ಟ್‌ವೇರೇ ಗೆರೆ ಎಳೆಯೋ ಆಟೋ ಟ್ರೇಸ್ ಬಿಡ್ರಪ್ಪ, ಕೈಯಲ್ಲೇ ಎಳೀರಿ, ನೋಡ್, ಅಂದ್ರೆ ಗೆರೆಯ ಆಕಾರ ಹಿಡಿದಿಡೋ ಚುಕ್ಕಿ, ಕಮ್ಮಿ ಇಡ್ರಿ ಅಂತೀನಿ.

ಯಾಕಂದ್ರೆ ಫೋಟೋದಲ್ಲಿರೋ ಧೂಳು, ಬಣ್ಣ ಕಿತ್ತಿರೋ ಜಾಗ, ಎಲ್ಲನೂ ಅಕ್ಷರದ ಆಕಾರ ಅಂತ್ಲೇ ತಿಳ್ಕೊಂಡು ಸಾಫ್ಟ್‌ವೇರ್ ನೋಡ್ ಸುರೀತಾ ಹೋಗ್ತೈತೆ, ಆಮೇಲೆ ಸ್ಟಿಕ್ಕರ್ ಕತ್ತರಿಸೋ ಪ್ಲಾಟರ್ ಮಶೀನಿನ ಬ್ಲೇಡು ಆ ಒಂದೊಂದು ಸಣ್ಣ ತಿರುವನ್ನೂ ಕಟ್ ಮಾಡ್ತೈತೆ. ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರಲ್ಲಿ ಕಂಟ್ರೋಲ್ ಎಲ್ ಒತ್ತಿ ಸಿಂಪ್ಲಿಫೈ ಮಾಡಿದ್ರೆ ನೋಡ್ ಕಮ್ಮಿ ಆಗ್ತಾವೆ ನಿಜ, ಆದ್ರೆ ತಲೆಕಟ್ಟಿನ ಚೂಪು ತುದಿನೂ ಮೊಂಡಾಗ್ತೈತೆ. ನನಗದು ಒಪ್ಪಿಗೆ ಇಲ್ಲ.

ಕರ್ವ್ ಅಂದ್ರೆ ನಾಲ್ಕು ಪಾಯಿಂಟು ಅಷ್ಟೇ. ಎರಡು ನೋಡ್ ಗೆರೆ ಮೇಲೇ ಕೂತಿರ್ತಾವೆ, ಎರಡು ಹ್ಯಾಂಡಲ್ ಹೊರಗಿಂದ ಗೆರೆನ ತಮ್ ಕಡೆ ಎಳೀತಾವೆ. ಇದು ಹುಟ್ಟಿದ್ದು ಕಾರ್ ಬಾಡಿ ಡಿಸೈನಿಗೆ, ಫ್ರಾನ್ಸಲ್ಲಿ, 1959ರ ಹೊತ್ತಿಗೆ ಸಿಟ್ರೊಯೆನ್ ಕಂಪನಿಯ ದ ಕ್ಯಾಸ್ಟೆಲ್‌ಜೋ ಕಂಡ್ಕೊಂಡಿದ್ರು, ಕಂಪನಿ ಅದನ್ನ ಗುಟ್ಟಾಗಿಟ್ತು, ಹಂಗಾಗಿ ರೆನೋ ಕಂಪನಿಯ ಪಿಯರ್ ಬೆಜಿಯೆ ಹೆಸರೇ ಈ ಕರ್ವಿಗೆ ಉಳೀತು.

ಈಗ ‘ರ’ ತಗೊಳ್ರಿ. ಕೆಳಗಿನ ದುಂಡಿಗೆ ಹೊರ ಅಂಚಲ್ಲಿ ಮೂರು ನೋಡ್ ಸಾಕು, ಪೂರ್ತಿ ಎಡತುದಿ, ಪೂರ್ತಿ ತಳ, ಪೂರ್ತಿ ಬಲತುದಿ. ಎಡ ಬಲದ ಹ್ಯಾಂಡಲ್ ನೆಟ್ಟಗೆ ಮೇಲೆ ಕೆಳಗೆ ನಿಲ್ಬೇಕು, ತಳದ್ದು ಅಡ್ಡಡ್ಡ ಮಲಗ್ಬೇಕು, ಕಂಟ್ರೋಲ್ ಹಿಡ್ಕೊಂಡು ಎಳೆದ್ರೆ ತಾನಾಗೇ ನೇರ ನಿಲ್ತಾವೆ. ಉದ್ದ ಎಷ್ಟು? ಸರಿಯಾದ ಕಾಲು ವೃತ್ತ ಬೇಕಂದ್ರೆ ರೇಡಿಯಸ್ಸಿನ ಶೇ. 55ರಷ್ಟು, ಅಂದ್ರೆ ರೇಡಿಯಸ್ 100 ಮಿ.ಮೀ. ಇದ್ರೆ ಹ್ಯಾಂಡಲ್ 55 ಮಿ.ಮೀ. ಪೇಂಟರ್ ಅಕ್ಷರ ಯಾವಾಗ್ಲೂ ಸ್ವಲ್ಪ ಹೊಟ್ಟೆ ಬಿಟ್ಟಿರ್ತೈತೆ, ಅದಕ್ಕೆ ಅಲ್ಲಿಂದ ಚೂರು ಚೂರು ಉದ್ದ ಮಾಡ್ತಾ ಹೋಗ್ರಿ, ಫೋಟೋ ಮೇಲೆ ಗೆರೆ ಕೂರೋ ತನಕ, ಆ ಹೊಟ್ಟೇಲೇ ಆ ಪೇಂಟರ್ ಕೈ ಐತೆ ಅದನ್ನ ಕಳ್ಕೋಬಾರ್ದು.

ಒಳ ಅಂಚಿಗೂ ಇದೇ. ಹೊರಗಿನ ನೋಡ್ ಎದುರಿಗೇ ಒಳಗಿನ ನೋಡ್ ಬರ್ಲಿ, ಆಗ ದಪ್ಪ ಎಲ್ಲಿ ಏರ್ತೈತೆ ಎಲ್ಲಿ ಇಳೀತೈತೆ ಅನ್ನೋದು ಕಣ್ಣಿಗೇ ಗೊತ್ತಾಗ್ತೈತೆ. ದುಂಡಲ್ಲಿರೋ ನೋಡಿಗೆ ಇಂಕ್‌ಸ್ಕೇಪಲ್ಲಿ ಶಿಫ್ಟ್ ಎಸ್ ಒತ್ತಿ ಸ್ಮೂತ್ ಮಾಡ್ರಿ. ತಲೆಕಟ್ಟಿನ ತುದಿಗೆ ಶಿಫ್ಟ್ ಸಿ, ಅದು ಕಸ್ಪ್, ಎರಡೂ ಹ್ಯಾಂಡಲ್ ಬೇರೆ ಬೇರೆ ತಿರುಗ್ತಾವೆ, ಮೂಲೆ ಚೂಪಾಗೇ ಉಳೀತೈತೆ.

ಕೋರೆಲ್‌ಡ್ರಾ ಇರೋರಿಗೆ ಎಫ್ 10ರ ಶೇಪ್ ಟೂಲಲ್ಲೂ ಸ್ಮೂತ್, ಕಸ್ಪ್ ಎರಡೂ ಇದಾವೆ, ಲೆಕ್ಕ ಇದೇ. ಫಾಂಟಿಂದ ಶುರು ಮಾಡೋರು ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡ್ಕೊಂಡೇ ಮುಂದಿನ ಕೆಲಸ, ಇಲ್ಲಾಂದ್ರೆ ನುಡಿ ಫಾಂಟ್ ಇಲ್ದಿರೋ ಸಿಸ್ಟಮಲ್ಲಿ ಅಕ್ಷರ ಚೆಲ್ಲಾಪಿಲ್ಲಿ.

ಕಟಿಂಗಿಗೆ ಕಳ್ಸೋ ಮುಂಚೆ ಬಣ್ಣ ಇಲ್ದೆ ಬರೀ ಗೆರೆ ತೋರ್ಸೋ ಔಟ್‌ಲೈನ್ ವ್ಯೂ ಹಾಕಿ ಝೂಮ್ ಮಾಡಿ ಒಂದು ಸುತ್ತು ನೋಡ್ರಿ, ಒಂದ್ರ ಮೇಲೊಂದು ಕೂತಿರೋ ನೋಡ್ ಸಿಕ್ರೆ ಒಂದನ್ನ ತೆಗೀರಿ. ದುಗ್ಗಮ್ಮನ ಜಾತ್ರೆ ಟೈಮಲ್ಲಿ ಆರ್ಡರ್ ಮೇಲೆ ಆರ್ಡರ್ ಬರ್ತಾವಲ್ಲ, ಆಗಂತೂ ಇದನ್ನ ತಪ್ಪಿಸ್ಬೇಡ್ರಿ.