ನಿಲ್ಲಲಾರದ ಬಾಟಲಿಗಳು

ದುಂಡು ತಳದ ಹಳೆಯ ಸೋಡಾ ಬಾಟಲಿಯನ್ನು ಮೊದಲ ಬಾರಿ ಕೈಗೆತ್ತಿಕೊಂಡವರು ಅದನ್ನು ಮೇಜಿನ ಮೇಲೆ ನಿಲ್ಲಿಸಲು ಹೋಗಿ ಸೋಲುತ್ತಾರೆ, ನಾನೂ ಸೋತಿದ್ದೇನೆ. ಮಲಗಿಸಿಯೇ ಇಡಬೇಕಾದ ಈ ಆಕಾರದಿಂದಾಗಿ ಒಳಗಿನ ಪಾನೀಯ ಬಿರಡೆಯನ್ನು ಸದಾ ತೇವವಾಗಿಡುತ್ತಿತ್ತು, ಬಿರಡೆ ಒಣಗಿ ಕುಗ್ಗದ ಕಾರಣ ಅನಿಲವೂ ಸೋರುತ್ತಿರಲಿಲ್ಲ. ಮೊಟ್ಟೆಯಂತೆ ಚೂಪಾದ ತಳದವುಗಳನ್ನು, 1809ರ ಪೇಟೆಂಟಿನ ವಿಲಿಯಂ ಹ್ಯಾಮಿಲ್ಟನ್ ಹೆಸರಿನಿಂದ, ಹ್ಯಾಮಿಲ್ಟನ್ ಬಾಟಲಿಗಳೆನ್ನುತ್ತಾರೆ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಶುಂಠಿ ಪಾನೀಯ ಹೆಚ್ಚಾಗಿ ಬಂದದ್ದು ಅರ್ಧಗೋಳದ ತಳದವುಗಳಲ್ಲಿ.

ಕಾಲ ಗುರುತಿಸಲು ನಾನು ಮೊದಲು ನೋಡುವುದು ಬಾಯಿಯನ್ನು. ಅಚ್ಚಿನ ಭಾಗಗಳು ಕೂಡುವಲ್ಲಿ ಗಾಜಿನ ಮೇಲೆ ಉಳಿಯುವ ಗೆರೆ ಕುತ್ತಿಗೆಯಲ್ಲೇ ಮಾಯವಾಗಿದ್ದರೆ ತುಟಿಯನ್ನು ಕೈಯಿಂದ ರೂಪಿಸಿರುವ ಸಾಧ್ಯತೆ ಹೆಚ್ಚು. ಗೆರೆ ತುಟಿಯನ್ನು ದಾಟಿದ್ದರೆ ಅದು ಯಂತ್ರದ ಕೆಲಸ. ಅಂಚು ನೆರಿಗೆಗಟ್ಟಿದ ಲೋಹದ ‘ಕ್ರೌನ್’ ಮುಚ್ಚಳಕ್ಕೆ ತಕ್ಕ ಬಾಯಿಯಿದ್ದರೆ, ಅಂಥ ಮುಚ್ಚಳಕ್ಕೆ ಪೇಟೆಂಟ್ ದೊರೆತದ್ದು 1892ರಲ್ಲಾದ್ದರಿಂದ, ಬಾಟಲಿ ಅದಕ್ಕಿಂತ ಹಳೆಯದಾಗಿರಲಾರದು. ಬಣ್ಣವನ್ನು ಮಾತ್ರ ನಾನು ಅಷ್ಟಾಗಿ ನಂಬುವುದಿಲ್ಲ.