ಮಲ್ಲಿಗೆಗೆ ಒಂದು ಚೊಂಬು ನೀರು

ಬೆಳಿಗ್ಗೆ 9 ಗಂಟೆಗೇ ಮಾಳಿಗೆಯ ಶಹಾಬಾದ್ ಕಲ್ಲು ಕಾದು ಹೆಂಚಾಗಿತ್ತು. ಶರಣಬಸವೇಶ್ವರರ ತೇರು ಎಳೆದ ಮೇಲೆ ನಮ್ಮ ಕಲಬುರಗಿಯಲ್ಲಿ ವಸಂತವೆಂದರೆ ಬಿಸಿಲೇ.

ಮಲ್ಲಿಗೆಯ ಕುಂಡದಲ್ಲಿ ಎರೆಮಣ್ಣು ಅಂಚು ಬಿಟ್ಟು, ಬೆರಳು ತೂರುವಷ್ಟು ಬಿರಿದಿದೆ. ಸುರಿದ ನೀರು ಬೇರಿಗೆ ತಾಗದೆ, ಆ ಸಂದಿಯಿಂದಲೇ ಇಳಿದು ಹರಿದುಹೋಯಿತು. ನಲ್ಲಿಯಲ್ಲಿ ನೀರು ಬಂದು ಮೂರು ದಿನ. ಒಂದು ಚೊಂಬು ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು.

ಅವ್ವ ಬಂದಳು. ಕಡ್ಡಿಯಿಂದ ಮಣ್ಣು ಕೆದಕಿ, ಬಿರುಕು ಮುಚ್ಚಿ, ತೊಗರಿಬೇಳೆ ತೊಳೆದ ನೀರನ್ನು ಅಂಗೈಯಿಂದ ಸ್ವಲ್ಪ ಸ್ವಲ್ಪವೇ ಚಿಮುಕಿಸಿದಳು.

“ಬಿಸಿಲಿನಿಂದ ಬಂದವರಿಗೆ ಮೊದಲು ಬೆಲ್ಲ ಕೊಟ್ಟು ಆಮೇಲೆ ನೀರು ಕೊಡುವುದಿಲ್ಲವೇ? ಗಿಡಕ್ಕೂ ಅವಸರ ಮಾಡಬಾರದು.”

ಎಷ್ಟು ವರ್ಷದಿಂದ ಗಿಡ ಬೆಳೆಸುತ್ತಿದ್ದೇನೆ, ನನಗೆ ಇದು ಹೊಳೆದಿರಲಿಲ್ಲ.

ಸಂಜೆ ಮತ್ತೆ ಹತ್ತಿ ನೋಡಿದೆ. ಎಲೆಯ ಮರೆಯಲ್ಲಿ ಒಂದು ಮೊಗ್ಗು, ಜೋಳದ ಕಾಳಿನಷ್ಟು.