"ಆರಾಮಾ?" ಅಂತ ಕೇಳೋದು ಬಿಟ್ಟೆ, ಬಾಟಲಿ ನೋಡೋಕೆ ಶುರು ಮಾಡಿದೆ

ನಾನು ಟ್ರೆಕ್ ಲೀಡರ್. ಒಂಬತ್ತು ವರ್ಷದಿಂದ ಇದೇ ಕೆಲಸ. ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಜನರನ್ನು ಬಸ್ಸು ಹತ್ತಿಸಿ, ಭಾನುವಾರ ರಾತ್ರಿ ಅಷ್ಟೂ ಜನರನ್ನು ವಾಪಸ್ ತಂದು ಇಳಿಸಬೇಕು. ನಡುವೆ ಕುದುರೆಮುಖವೋ, ಕೊಡಚಾದ್ರಿಯೋ, ಕುಮಾರ ಪರ್ವತವೋ. ಈ ಕೆಲಸ ಅಂದರೆ ನನಗೆ ಪ್ರಾಣ. ಆದರೆ ದಿನಕ್ಕೆ ಐವತ್ತು ಸಲ ನಾನು ಕೇಳುತ್ತಿದ್ದ ಒಂದು ಪ್ರಶ್ನೆಯಿಂದ ಏನೂ ಉಪಯೋಗ ಇಲ್ಲ ಅಂತ ಗೊತ್ತಾಗೋಕೆ ಐದು ವರ್ಷ ಹಿಡಿಯಿತು. "ಆರಾಮಾ?" ಅನ್ನೋದೇ ಆ ಪ್ರಶ್ನೆ.

2022ರ ಡಿಸೆಂಬರ್. ಒಂದು ಆಫೀಸಿನವರು ಹದಿನೇಳು ಜನ ಬಂದಿದ್ದರು, ಮ್ಯಾನೇಜರ್ ಕೂಡ ಜೊತೆಗಿದ್ದರು. ಕುಕ್ಕೆ ಸುಬ್ರಹ್ಮಣ್ಯ ಕಡೆಯಿಂದ ಕುಮಾರ ಪರ್ವತ ಹತ್ತಿ ಅದೇ ದಿನ ಇಳಿಯೋ ಪ್ಲಾನು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕುಕ್ಕೆ ಇರೋದು ಸಮುದ್ರ ಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿ. ಪರ್ವತದ ತುದಿ 1712 ಮೀಟರ್. ಎತ್ತರದಲ್ಲಿ ಮುಳ್ಳಯ್ಯನಗಿರಿ ಇದಕ್ಕಿಂತ ದೊಡ್ಡದು, ಆದರೆ ಅಲ್ಲಿ ತುದಿಯ ಹತ್ತಿರದವರೆಗೂ ಗಾಡಿ ಹೋಗುತ್ತದೆ. ಇಲ್ಲಿ ಹೆಚ್ಚುಕಡಿಮೆ 1600 ಮೀಟರನ್ನು ಕಾಲಲ್ಲೇ ಏರಬೇಕು, ಕಾಲಲ್ಲೇ ಇಳಿಯಬೇಕು. ಮೊದಲು ದಟ್ಟ ಕಾಡು. ಬೇರು, ಕಲ್ಲು, ಸೆಕೆ. ಗಾಳಿ ಅಲ್ಲಾಡೋದಿಲ್ಲ, ಬೆವರು ಆರೋದಿಲ್ಲ. ಕಾಡು ಮುಗಿದರೆ ಗಿರಿಗದ್ದೆಯ ಭಟ್ಟರ ಮನೆ. ಅಲ್ಲಿಂದ ಆಚೆಗೆ ಬೋಳು ಹುಲ್ಲುಗಾವಲು. ಕಲ್ಲು ಮಂಟಪ ದಾಟಿ, ತುದಿಗೆ ಮೊದಲು ಸಿಗೋ ಶೇಷಪರ್ವತದವರೆಗೂ ತಲೆ ಮೇಲೆ ಬಿಸಿಲು, ಒಂದು ಮರದ ನೆರಳೂ ಸಿಗೋದು ಕಷ್ಟ. ಈ ಬೋಳು ಜಾಗವನ್ನು ನೆನಪಿಟ್ಟುಕೊಳ್ಳಿ.

ಬೆಳಿಗ್ಗೆ ಆರಕ್ಕೆ ಹೊರಟೆವು. ಗುಂಪಲ್ಲಿ ನಲವತ್ತರ ಆಸುಪಾಸಿನ ಒಬ್ಬ ಅಕ್ಕ ಇದ್ದರು. ಗಟ್ಟಿ ನಡಿಗೆ, ಹಿಂದೆ ಉಳಿಯುತ್ತಿರಲಿಲ್ಲ, ಮಾತು ಮಾತ್ರ ಕಡಿಮೆ. ಭಟ್ಟರ ಮನೆ ಹತ್ತಿರ ಕೇಳಿದೆ, "ಆರಾಮಾ ಅಕ್ಕ?" "ಆರಾಮ್." ಕಲ್ಲು ಮಂಟಪದಲ್ಲಿ ಕೇಳಿದೆ, "ಆರಾಮ್." ಶೇಷಪರ್ವತದ ಮೇಲೆ ಕೇಳಿದಾಗ ಹೆಬ್ಬೆರಳು ಎತ್ತಿ ನಕ್ಕರು. ನಾನೂ ನಕ್ಕು ಮುಂದೆ ಹೋದೆ. ನನ್ನ ಗಮನ ಎಲ್ಲ ಹಿಂದೆ ಬೀಳುತ್ತಿದ್ದ ಇಬ್ಬರು ಹುಡುಗರ ಮೇಲಿತ್ತು.

ತುದಿ ಮುಟ್ಟಿ ವಾಪಸ್ ಬರುವಾಗ, ಶೇಷಪರ್ವತ ಇಳಿದು ಸ್ವಲ್ಪ ದೂರದಲ್ಲಿ ಆ ಅಕ್ಕ ದಾರಿ ಪಕ್ಕದ ಬಂಡೆ ಮೇಲೆ ಕೂತರು. ಆಗ ಮಧ್ಯಾಹ್ನ ಎರಡೂವರೆ. ಸುಡು ಬಿಸಿಲು. ಅವರು ಎರಡೂ ಕೈ ಎದೆಗೆ ಒತ್ತಿಕೊಂಡು "ಚಳಿ ಆಗ್ತಿದೆ" ಅಂದರು. ಮೊಣಕೈ ಮುಟ್ಟಿ ನೋಡಿದೆ. ಚರ್ಮ ತಣ್ಣಗೆ, ಅಂಟಂಟು, ಮೈಮೇಲೆ ರೋಮ ಎದ್ದಿತ್ತು. ಮುಖ ಬಿಳಿಚಿಕೊಂಡಿತ್ತು. ಎದ್ದು ನಿಲ್ಲೋಕೆ ಹೋಗಿ ಮತ್ತೆ ಕುಸಿದರು, ಆಮೇಲೆ ವಾಂತಿ. ವಾಂತಿಯಲ್ಲಿ ಏನೂ ಇರಲಿಲ್ಲ, ಬರೀ ಹಳದಿ ನೀರು.

ಅವರ ಬ್ಯಾಗ್ ಪಕ್ಕದ ಜೇಬಿಂದ ನೀರಿನ ಬಾಟಲಿ ತೆಗೆದೆ. ಭಟ್ಟರ ಮನೆಯಲ್ಲಿ ನಾನೇ ತುಂಬಿಸಿ ಕೊಟ್ಟಿದ್ದ ಬಾಟಲಿ. ಮುಚ್ಚಳದಿಂದ ಎರಡು ಬೆರಳು ಕೆಳಗೆ ಇತ್ತು ನೀರು. ಐದಾರು ಗಂಟೆಯಲ್ಲಿ ಅವರು ಕುಡಿದದ್ದು ಅಷ್ಟೇ. ಇಂಥ ಏರಿನಲ್ಲಿ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರು ಹೋಗೋದು ಸಾಮಾನ್ಯ. ಲೆಕ್ಕ ನೀವೇ ಹಾಕಿ.

ಎಲ್ಲರನ್ನೂ ಇಬ್ಬರು ಲೀಡರ್‌ಗಳ ಜೊತೆ ಕೆಳಗೆ ಕಳಿಸಿದೆ. ಆ ಅಕ್ಕನ ಜೊತೆ ನಾನು, ನಮ್ಮ ಲೋಕಲ್ ಗೈಡ್ ಅಣ್ಣ, ಅಕ್ಕನ ಗೆಳತಿ ಒಬ್ಬರು ಉಳಿದೆವು. ಎರಡು ಊರುಗೋಲಿಗೆ ಟಾರ್ಪಲ್ ಕಟ್ಟಿ ನೆರಳು ಮಾಡಿದೆವು. ಮಲಗಿಸಿ, ಕಾಲು ಬ್ಯಾಗಿನ ಮೇಲೆ ಎತ್ತಿಟ್ಟೆವು. ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿದೆವು. ಓಆರ್‌ಎಸ್ ಬೆರೆಸಿದೆ. ದೊಡ್ಡ ಪ್ಯಾಕೆಟ್ಟಿಗೆ ಸರಿಯಾಗಿ ಒಂದು ಲೀಟರ್ ನೀರು ಹಾಕಲೇಬೇಕು, ಗಡಿಬಿಡಿಯಲ್ಲಿ ಅರ್ಧ ಬಾಟಲಿಗೆ ಸುರಿಯಬಾರದು. ಗಟಗಟ ಕುಡಿಸಿದರೆ ಮತ್ತೆ ವಾಂತಿ ಆಗುತ್ತದೆ. ಮುಚ್ಚಳದಲ್ಲಿ ಅಳೆದು ಅಳೆದು, ಒಂದೊಂದೇ ಗುಟುಕು ಕುಡಿಸಿದೆವು. ಮುಕ್ಕಾಲು ಗಂಟೆ ಆದ ಮೇಲೆ ಮುಖಕ್ಕೆ ಬಣ್ಣ ಬಂತು.

ಭಟ್ಟರ ಮನೆ ಸೇರಿದಾಗ ಸಂಜೆ ಆರು ಹತ್ತಿರ, ಬೆಳಕು ಹೋಗುತ್ತಿತ್ತು. ಜಗಲಿ ಮೇಲೆ ಕೂರಿಸಿದೆವು. ಉಪ್ಪು ಹಾಕಿದ ಮಜ್ಜಿಗೆ ಬಂತು. ಎರಡನೇ ಲೋಟ ಕೈಗೆ ಕೊಡುತ್ತಾ ನಾನು ಕೇಳಿದೆ, "ಅಕ್ಕ, ಬಾಟಲಿ ತುಂಬಾ ನೀರಿತ್ತಲ್ಲ, ಯಾಕೆ ಕುಡೀಲಿಲ್ಲ?"

ಅವರು ಸುತ್ತ ನೋಡಿದರು. ಗಂಡಸರು ದೂರದಲ್ಲಿದ್ದರು. ಮೆಲ್ಲಗೆ ಹೇಳಿದರು, "ಕುಡಿದ್ರೆ ಹೋಗ್ಬೇಕಾಗತ್ತಲ್ವಾ? ಅಲ್ಲಿ ಎಲ್ಲಿ ಮರೆ ಇತ್ತು ಹೇಳಿ?"

ನನಗೆ ಮಾತೇ ಹೊರಡಲಿಲ್ಲ. ಬೋಳು ಹುಲ್ಲುಗಾವಲು, ಹಿಂದೆ ಮುಂದೆ ಜೊತೆಗೆ ಕೆಲಸ ಮಾಡುವವರು, ಅದರಲ್ಲಿ ಮ್ಯಾನೇಜರ್ ಬೇರೆ. ಭಟ್ಟರ ಮನೆ ಬಿಟ್ಟ ಮೇಲೆ ಅವರು ಒಂದು ಸಲವೂ ಹೋಗಿರಲಿಲ್ಲ. ಮುಂದೆ ಬೋಳು ಬೆಟ್ಟ ಅಂತ ಗೊತ್ತಾದಾಗಲೇ ನೀರು ಕುಡಿಯಬಾರದು ಅಂತ ತೀರ್ಮಾನ ಮಾಡಿದ್ದರು. ನಾನೂ ಹೆಂಗಸೇ. ಈ ಕೆಲಸಕ್ಕೆ ಬರೋ ಮೊದಲು, ಟ್ರೆಕ್ಕಿಗೆ ದುಡ್ಡು ಕೊಟ್ಟು ಹೋಗುತ್ತಿದ್ದ ಕಾಲದಲ್ಲಿ, ನಾನೂ ಎಷ್ಟೋ ಸಲ ಹೀಗೇ ಬಾಯಿ ಒಣಗಿಸಿಕೊಂಡು ನಡೆದಿದ್ದೇನೆ. ಲೀಡರ್ ಆದ ಮೇಲೆ ಅದು ಮರೆತೇ ಹೋಗಿತ್ತು.

ಅಲ್ಲಿಂದ ಕೆಳಗೆ ಕಾಡಲ್ಲಿ ಹೆಡ್‌ಲ್ಯಾಂಪ್ ಹಾಕಿಕೊಂಡು ಇಳಿದೆವು. ಇದು ಪುಷ್ಪಗಿರಿ ವನ್ಯಜೀವಿಧಾಮ, ಆನೆ ಇರೋ ಕಾಡು. ಕತ್ತಲಾದ ಮೇಲೆ ಅಲ್ಲಿ ಯಾರೂ ನಡೆಯಬಾರದು. ನಾವು ಬೇರೆ ದಾರಿ ಇಲ್ಲದೆ ನಡೆದೆವು. ದಾರಿಯಲ್ಲಿ ಗೈಡ್ ಅಣ್ಣನಿಗೆ ಹೇಳಿದೆ, "ಮೂರು ಸಲ ಕೇಳಿದೆ ಅಣ್ಣ, ಮೂರು ಸಲವೂ ಆರಾಮ್ ಅಂದ್ರು." ಅವರು ಸುಬ್ರಹ್ಮಣ್ಯದವರೇ, ಐವತ್ತು ದಾಟಿದ ಮನುಷ್ಯ. ನಡೆಯುತ್ತಲೇ ಹೇಳಿದರು, "ಕೇಳಿದ್ರೆ ಎಲ್ರೂ ಆರಾಮ ಉಂಟು ಅಂತಾರೆ ಅಕ್ಕ. ನಾನು ಕೇಳುದೇ ಇಲ್ಲ. ಬಾಟ್ಲಿ ನೋಡ್ತೇನೆ. ಕೇಳುದು ಎಂತಕ್ಕೆ ಮಾರಾಯ್ರೆ, ಚೀಲದ ಬದಿಯಲ್ಲಿ ಕಾಣ್ತದಲ್ಲ?"

ರಾತ್ರಿ ಒಂಬತ್ತಕ್ಕೆ ಕುಕ್ಕೆ ತಲುಪಿದೆವು. ಬಸ್ಸಲ್ಲಿ ಎಲ್ಲರೂ ಮಲಗಿದರು, ನನಗೆ ನಿದ್ದೆ ಬರಲಿಲ್ಲ.

ಆ ವಾರ ನಾನು ಕೆಲಸ ಮಾಡೋ ರೀತಿಯನ್ನು ಮೊದಲಿಂದ ಯೋಚಿಸಿದೆ. "ಆರಾಮಾ?" ಅನ್ನೋದಕ್ಕೆ ನಮ್ಮಲ್ಲಿ ಒಂದೇ ಉತ್ತರ. ಅದು ನಮಸ್ಕಾರಕ್ಕೆ ನಮಸ್ಕಾರ ಹೇಳಿದ ಹಾಗೆ. ಹತ್ತು ಜನರ ಎದುರು, ಅದರಲ್ಲೂ ತಮ್ಮ ಮ್ಯಾನೇಜರ್ ಎದುರು, "ಇಲ್ಲ, ನನಗೆ ಆಗ್ತಿಲ್ಲ" ಅಂತ ಯಾರು ಹೇಳುತ್ತಾರೆ? ನನ್ನಿಂದ ಎಲ್ಲರ ಟ್ರಿಪ್ ಹಾಳಾಗೋದು ಬೇಡ ಅಂತ ಸುಮ್ಮನಿರುತ್ತಾರೆ. ಅದನ್ನು ಸುಳ್ಳು ಅಂತ ನಾನು ಕರೆಯೋಲ್ಲ. ನಿಜ ಹೇಳೋಕೆ ಅವರಿಗೆ ಜಾಗ ಮಾಡಿ ಕೊಡದೇ ಇದ್ದದ್ದು ನಾನು.

ಹಿಮಾಲಯದ ಟ್ರೆಕ್ಕುಗಳಲ್ಲಿ ತುಂಬಾ ಎತ್ತರಕ್ಕೆ ಹೋದಾಗ ಬರೋ ಕಾಯಿಲೆಯ ಪತ್ತೆಗೆ ಲೇಕ್ ಲೂಯಿಸ್ ಸ್ಕೋರ್ ಅಂತ ಬಳಸುತ್ತಾರೆ. 2018ರಲ್ಲಿ ಅದನ್ನು ಪರಿಷ್ಕರಿಸಿದರು. ತಲೆನೋವು, ಹೊಟ್ಟೆ ತೊಳೆಸುವುದು, ಸುಸ್ತು, ತಲೆಸುತ್ತು, ಈ ನಾಲ್ಕಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ತಲೆನೋವು ಇದ್ದು ಒಟ್ಟು ಮೂರು ಅಥವಾ ಜಾಸ್ತಿ ಬಂದರೆ ಹುಷಾರಾಗಬೇಕು. ವರ್ಷಾನುಗಟ್ಟಲೆ ಆ ಫಾರಂ ತುಂಬಿದ್ದೇನೆ. ಅದರಲ್ಲಿ ಎಲ್ಲೂ "ಆರಾಮಾ?" ಅನ್ನೋ ಪ್ರಶ್ನೆ ಇಲ್ಲ ಅನ್ನೋದು ಆವತ್ತು ಹೊಳೆಯಿತು. ಅಲ್ಲಿ ಬಿಡಿಬಿಡಿಯಾಗಿ ಕೇಳುತ್ತೇವೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಆ ಎತ್ತರ ಇಲ್ಲ ಅಂತ ಸಲೀಸಾಗಿ ತಗೊಂಡಿದ್ದೆವು.

ಈಗ ನಾನು ಗುಂಪಿನ ಕೊನೆಯಲ್ಲಿ ನಡೆಯುತ್ತೇನೆ. ಮುಂದೆ ಗೈಡ್ ಅಣ್ಣ. ಹಿಂದಿಂದ ಎಲ್ಲರ ಬ್ಯಾಗಿನ ಪಕ್ಕದ ಜೇಬು ಕಾಣುತ್ತದೆ. ಬಾಟಲಿ ಒಳಗೆ ಇಟ್ಟುಕೊಳ್ಳಬೇಡಿ, ಹೊರಗೆ ಕಾಣುವ ಹಾಗೆ ಇಡಿ ಅಂತ ಮೊದಲೇ ಹೇಳಿರುತ್ತೇನೆ. ಭಟ್ಟರ ಮನೆ ಬರೋ ಹೊತ್ತಿಗೆ ಒಂದು ಲೀಟರ್ ಬಾಟಲಿ ಖಾಲಿ ಆಗಿರಬೇಕು. ಆಗಿಲ್ಲ ಅಂದರೆ ಅವರ ಜೊತೆ ಹೆಜ್ಜೆ ಹಾಕುತ್ತಾ ಬೇರೆ ಏನಾದರೂ ಮಾತು ತೆಗೆಯುತ್ತೇನೆ. "ನಿಮ್ಮನೇಲಿ ಉಪ್ಸಾರು ಹೇಗೆ ಮಾಡ್ತಾರೆ?" ಅಂತ ಕೇಳಿದರೆ ಸಾಕು. ಒಂದು ವಾಕ್ಯ ಪೂರ್ತಿ ಹೇಳೋಕೆ ಉಸಿರು ಸಾಲುತ್ತಾ, ಮಾತು ತಡವರಿಸುತ್ತಾ ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ.

ಬಾಟಲಿ ಖಾಲಿ ಆಯಿತು ಅಂದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ. ಇದನ್ನು ಕಲಿತದ್ದು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆದ ಒಂದು ಟ್ರೇಲ್ ಓಟದಲ್ಲಿ, ನೀರು ಕೊಡೋ ಸ್ಟೇಷನ್ನಿನಲ್ಲಿ ನಿಂತಿದ್ದಾಗ. ಒಬ್ಬ ಹುಡುಗ ಪ್ರತಿ ಸ್ಟೇಷನ್ನಿನಲ್ಲೂ ಬರೀ ನೀರು ಕುಡಿದೇ ಬಂದಿದ್ದ, ಉಪ್ಪು, ತಿಂಡಿ ಏನೂ ಮುಟ್ಟಿರಲಿಲ್ಲ. ತಲೆನೋವು, ವಾಕರಿಕೆ. ಬೆರಳು ಊದಿ ಉಂಗುರ ಬಿಗಿದುಕೊಂಡಿತ್ತು. ಇನ್ನೂ ನೀರು ಕೊಡಿ ಅನ್ನುತ್ತಿದ್ದ. ನೀರು ಜಾಸ್ತಿಯಾಗಿ ರಕ್ತದಲ್ಲಿ ಸೋಡಿಯಂ ಇಳಿದರೂ ಹೀಗೇ ಆಗುತ್ತದೆ. ಆಗ ಮೇಲೆ ಮೇಲೆ ನೀರು ಕುಡಿಸಿದರೆ ಜೀವಕ್ಕೇ ಅಪಾಯ. ಅಲ್ಲಿದ್ದ ಡಾಕ್ಟರ್ ಅವನ ನೀರು ನಿಲ್ಲಿಸಿ, ಓಟ ಬಿಡಿಸಿ ಕೂರಿಸಿಕೊಂಡರು. ಅದಕ್ಕೇ ಈಗ ಬಾಟಲಿ ಜೊತೆಗೆ "ಕೊನೇ ಸಲ ಏನು ತಿಂದ್ರಿ, ಯಾವಾಗ ಮೂತ್ರಕ್ಕೆ ಹೋದ್ರಿ?" ಇವೆರಡನ್ನೂ ವಿಚಾರಿಸುತ್ತೇನೆ. ಒಬ್ಬೊಬ್ಬರನ್ನೇ, ಮೆಲ್ಲಗೆ.

ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆ ಬೆಟ್ಟ ಹತ್ತೋ ಮೊದಲೇ ಆಗುತ್ತದೆ. ಎರಡು ದಿನ ಮುಂಚೆ ಗುಂಪಿನ ಹೆಂಗಸರಿಗೆಲ್ಲ ನಾನೇ ಫೋನ್ ಮಾಡುತ್ತೇನೆ. ಎಲ್ಲೆಲ್ಲಿ ಕಾಡು, ಎಲ್ಲಿಂದ ಬೋಳು, ಎಲ್ಲಿ ನಿಲ್ಲಿಸುತ್ತೇವೆ ಅಂತ ಬಿಡಿಸಿ ಹೇಳುತ್ತೇನೆ. ಮುಟ್ಟಿನ ದಿನ ಇದ್ದರೆ ಹೇಳಿ, ಪ್ಯಾಡ್ ನನ್ನ ಬ್ಯಾಗಲ್ಲಿ ಇರುತ್ತದೆ ಅನ್ನುತ್ತೇನೆ. ಬೋಳು ಶುರುವಾಗೋ ಮೊದಲು ಗಂಡಸರನ್ನು ಗೈಡ್ ಅಣ್ಣ ಮುಂದೆ ಕರೆದುಕೊಂಡು ಹೋಗುತ್ತಾರೆ. ಹೆಂಗಸರು ಉಳಿಯುತ್ತೇವೆ, ನಾನು ಕಾವಲು ನಿಲ್ಲುತ್ತೇನೆ. ಮೇಲೆ ಹುಲ್ಲುಗಾವಲಲ್ಲಿ ಅರ್ಜೆಂಟ್ ಆದರೆ ಎರಡು ದೊಡ್ಡ ಕರಿ ಕೊಡೆ ಬಿಚ್ಚಿ ಅಡ್ಡ ಹಿಡಿಯುತ್ತೇವೆ, ಅದೇ ಮರೆ. ಹಳ್ಳದಿಂದ ಕನಿಷ್ಠ 60 ಮೀಟರ್ ದೂರ ಹೋಗಬೇಕು. ಕುಮಾರಧಾರೆ ಹುಟ್ಟೋ ಬೆಟ್ಟ ಅದು, ಕೆಳಗಿನ ಊರುಗಳು ಆ ನೀರನ್ನೇ ನಂಬಿವೆ. ಪೇಪರ್, ಪ್ಯಾಡ್ ಎಲ್ಲ ಕವರಿಗೆ ಹಾಕಿ ವಾಪಸ್ ತರುತ್ತೇವೆ.

2024ರ ಜನವರಿಯ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಸಾಲುಗಟ್ಟಿ ನಿಂತ ವಿಡಿಯೊ ನೀವೂ ನೋಡಿರಬಹುದು. ಆಮೇಲೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಆಯಿತು. ಹಲವರು ಬೇಜಾರು ಮಾಡಿಕೊಂಡರು. ನನಗಂತೂ ತುಂಬಾ ಸಮಾಧಾನ ಆಯಿತು. ಆ ಸಾಲಿನಲ್ಲಿ ಎಷ್ಟು ಹೆಂಗಸರು ಬಾಟಲಿ ಮುಚ್ಚಳ ತೆಗೆಯದೇ ನಿಂತಿದ್ದರೋ ಅಂತಲೇ ನನ್ನ ತಲೆಯಲ್ಲಿ ಓಡುತ್ತಿತ್ತು.

ನಾನು ಕೆಲಸ ಮಾಡೋ ಸಂಸ್ಥೆಯ ರಿಪೋರ್ಟ್ ಫಾರಂನಲ್ಲಿ "ಎಲ್ಲರೂ ಚೆನ್ನಾಗಿದ್ದಾರೆ" ಅಂತ ಟಿಕ್ ಹಾಕೋ ಒಂದು ಚೌಕ ಇತ್ತು. ಅದನ್ನು ತೆಗೆಸಿ ನೀರು, ಊಟ, ಮೂತ್ರ ಅಂತ ಮೂರು ಕಾಲಂ ಹಾಕಿಸೋಕೆ ಒಂದು ವರ್ಷ ಜಗ್ಗಾಡಿದೆ. "ಮೂತ್ರ" ಅನ್ನೋ ಪದ ಫಾರಂನಲ್ಲಿ ಬೇಡ ಅಂದರು. ಬೇಕೇ ಬೇಕು ಅಂದೆ. ಈಗ ಇದೆ.

ಈ ಶನಿವಾರ ಮತ್ತೆ ಹೊರಟಿದ್ದೇವೆ. ಹದಿನಾಲ್ಕು ಜನ, ಅದರಲ್ಲಿ ಆರು ಹೆಂಗಸರು. ನಾಲ್ವರಿಗೆ ಫೋನ್ ಮಾಡಿ ಆಯಿತು, ಇನ್ನಿಬ್ಬರು ಬಾಕಿ. ಕೊಡೆ ಒಂದರ ಕಡ್ಡಿ ಮುರಿದಿದೆ, ಸಂಜೆ ರಿಪೇರಿಗೆ ಕೊಡಬೇಕು.